ಹಿಂದಿನ ಚಕ್ರ

ಸೈಕಲ್ಲು ಕಟ್ಟಿ ಮುಗಿದು ಒಂದು ವಾರವೇ ಆಗಿತ್ತು. ಹೆಂಡತಿಯ ಹೊಲಿಗೆ ಯಂತ್ರಕ್ಕೂ ಚಪ್ಪಲಿಯ ಗೂಡಿಗೂ ನಡುವೆ, ಗೋಡೆಗೆ ಒರಗಿಕೊಂಡು, ಕೂತುಕೋ ಎಂದು ಯಾರೂ ಹೇಳದ ನೆಂಟನ ಹಾಗೆ ಅದು ನಿಂತಿತ್ತು. ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುವುದು ಅದೇ. ಕಡು ಹಸಿರು ಬಣ್ಣದ ಉಕ್ಕಿನ ಫ್ರೇಮು, ಅಗಲವಾದ ಹ್ಯಾಂಡಲ್ಲು, ಮುಂಗೈ ದಪ್ಪದ ಟೈರುಗಳು, ಟೈರಿನ ಮೈತುಂಬ ಕಲ್ಲನ್ನು ಕಚ್ಚಿ ಹಿಡಿಯುವ ಗುಬಟುಗಳು. ಅದರ ಒಂದೊಂದು ನಟ್ಟೂ ಅವನ ಕೈಯಲ್ಲೇ ಬಿಗಿದದ್ದು. ಎರಡು ತಿಂಗಳು, ಕೆಲಸದಿಂದ ಬಂದವನೇ ನೆಲದ ಮೇಲೆ ಹಳೆಯ ಚಾದರ ಹಾಸಿ, ಚಕ್ರದ ನಡುವಿನ ಹಬ್ಬಿನ ತೂತುಗಳಿಗೆ ಕಡ್ಡಿ ಪೋಣಿಸಿ, ಒಂದರ ಮೇಲೊಂದು ಹಾಯುವಂತೆ ಹೆಣೆದು, ರಿಮ್ಮಿಗೆ ಸೇರಿಸಿ, ಗ್ರೀಸು ಬಳಿದು, ಬ್ರೇಕಿನ ತಂತಿ ಎಳೆದು, ಉಂಡ ತಟ್ಟೆ ತೊಳೆಯುವುದನ್ನೂ ಮರೆತು ಕೂತಿದ್ದ. ಈಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ, ಹತ್ತಿ ಕೂರುವುದೊಂದನ್ನು ಬಿಟ್ಟು. ಆದ್ದರಿಂದ ದಿನಾ ಸಂಜೆ ಏನಾದರೊಂದನ್ನು ಹುಡುಕಿಕೊಳ್ಳುತ್ತಿದ್ದ. ಸೀಟನ್ನು ಒಂದು ಬೆರಳಷ್ಟು ಏರಿಸುವುದು, ನಾಳೆ ಅಷ್ಟೇ ಇಳಿಸುವುದು. ಎಣ್ಣೆ ಕುಡಿದು ತೃಪ್ತವಾದ ಚೈನಿಗೆ ಮತ್ತೆ ಎಣ್ಣೆ ಕುಡಿಸುವುದು.

"ಇವತ್ತೇನು ಬಾಕಿ?" ಎಂದಳು ಹೆಂಡತಿ, ಚಹಾದ ಲೋಟ ಚಾಚುತ್ತ. ಅವಳು ಶಾಲೆಯ ಸಮವಸ್ತ್ರ ಹೊಲಿಯುವವಳು. ಹೊತ್ತು ಹುಟ್ಟುವ ಮೊದಲೇ ಕೊರಳಿಗೆ ಟೇಪು ಹಾಕಿಕೊಂಡಿರುತ್ತಿದ್ದಳು.

"ಬೆಲ್ಲು," ಎಂದ.

"ಬೆಲ್ಲಿಲ್ಲದೆ ಚಕ್ರ ತಿರುಗಲ್ವಾ?"

"ಹಾಗಲ್ಲ ಕಣೇ. ದಾರೀಲಿ ಜನ ಇರ್ತಾರೆ."

"ನೀವು ಬರೋದು ಕಂಡ್ರೆ ಜನ ತಾವಾಗೇ ದಾರಿ ಬಿಡ್ತಾರೆ ಬಿಡಿ," ಎಂದವಳು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಆಗಲೇ ನಕ್ಕುಬಿಟ್ಟಿದ್ದ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವನು ಚಿಕ್ಕಂದಿನಲ್ಲೇ ಕಲಿತ ವಿದ್ಯೆ. ಶಾಲೆಯ ಅಂಗಳದಲ್ಲಿ ಒಂದು ಏರಿಳಿಯುವ ಹಲಗೆ ಇತ್ತು, ಒಂದು ತುದಿಯಲ್ಲಿ ಅವನು ಕೂತರೆ ಇನ್ನೊಂದು ತುದಿಗೆ ಇಬ್ಬರು ಹತ್ತುತ್ತಿದ್ದರು, ಮೂವರು ಹತ್ತುತ್ತಿದ್ದರು, ಆದರೂ ಅವನ ಮೊಣಕಾಲು ಗಲ್ಲಕ್ಕೆ ತಾಗಿಕೊಂಡೇ ಇರುತ್ತಿತ್ತು. ಮೇಲಿಂದ ಮೂವರೂ ಕಾಲು ಬಡಿಯುತ್ತ, ಇಳಿಸೋ, ಇಳಿಸೋ ಎಂದು ಕೂಗುವಾಗ ಮೊದಲು ನಕ್ಕವನು ಅವನೇ. ಸೋದರಮಾವನ ಸೈಕಲ್ಲು ಅವನ ಅಡಿಯಲ್ಲಿ ಹಿಂದಿನ ಚಕ್ರ ಮುರುಟಿಕೊಂಡು ಒಣಗಿದ ಎಲೆಯ ಹಾಗಾದಾಗಲೂ ನಕ್ಕಿದ್ದ. "ಪಾಪದ್ದು, ಇಷ್ಟು ದಿನ ಬದುಕಿದ್ದೇ ಹೆಚ್ಚು," ಎಂದಿದ್ದ ಮಾವ. ಅಮ್ಮ ಮಾತ್ರ ನಕ್ಕಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಆಮೇಲೆ ಅವನು ಸೈಕಲ್ಲು ಮುಟ್ಟಲಿಲ್ಲ. ಕುರ್ಚಿಗಳನ್ನು ಮಾತ್ರ ಮುಟ್ಟಿ ಮುಟ್ಟಿ ನೋಡುವುದು ಕಲಿತ. ಯಾವ ಮನೆಗೆ ಹೋದರೂ ಮಾತಾಡುತ್ತಲೇ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಅಲ್ಲಾಡಿಸಿ, ಕಾಲುಗಳ ಸಂದು ಹೇಗಿದೆ ಎಂದು ಕಣ್ಣಲ್ಲೇ ಅಳೆದು, ಆಮೇಲೆ ಅರ್ಧ ಭಾರವನ್ನು ತನ್ನ ತೊಡೆಗಳಲ್ಲೇ ಹಿಡಿದುಕೊಂಡು ಕೂರುವುದು. ಆರಾಮಾಗಿ ಕೂತ್ಕೊಳ್ಳಿ ಎಂದು ಯಾರಾದರೂ ಹೇಳಿದರೆ ತೊಡೆ ನಡುಗುತ್ತಿದ್ದರೂ, ಆರಾಮಾಗೇ ಇದೀನಿ ಎನ್ನುತ್ತಿದ್ದ.

ಚಹಾ ಮುಗಿಸಿ ಎದ್ದಾಗ ಕಣ್ಣು ಮತ್ತೆ ಹಿಂದಿನ ಚಕ್ರದ ಮೇಲೆ ಹೋಯಿತು. ಬೆಲ್ಲಿನ ಮಾತೆಲ್ಲ ನೆವ ಎನ್ನುವುದು ಅವಳಿಗೆ ಗೊತ್ತಿತ್ತು; ನೆವದ ಹಿಂದೆ ಏನಿದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಎರಡು ತಿಂಗಳ ಹಿಂದೆ, ಗುಡ್ಡದ ಕಲ್ಲುದಾರಿಯಲ್ಲಿ ಕೆಲಸಕ್ಕೆ ಹೋಗುವಂಥ ಸೈಕಲ್ಲಿಗೆ ಸಾಮಾನು ಕೊಳ್ಳಲು ಹೋದಾಗ ಸೈಕಲ್ ಅಂಗಡಿಯ ಅಕ್ಕ ಕನ್ನಡಕ ಏರಿಸಿಕೊಂಡು, ಮೊಳೆ ಎಷ್ಟು ಉದ್ದ ಬೇಕು ಎಂದು ಕೇಳುವ ದನಿಯಲ್ಲೇ, "ತೂಕ ಎಷ್ಟು?" ಎಂದು ಕೇಳಿದ್ದಳು. ಹಾಗೆ ಯಾರೂ ಅವನನ್ನು ಕೇಳಿರಲಿಲ್ಲ. ಡಾಕ್ಟರು ಕೇಳುವಾಗ ಆ ಪ್ರಶ್ನೆಯಲ್ಲಿ ಬೈಗುಳ ಇರುತ್ತಿತ್ತು, ನೆಂಟರು ಕೇಳುವಾಗ ಕುತೂಹಲ. ಈ ಪ್ರಶ್ನೆಯಲ್ಲಿ ಏನೂ ಇರಲಿಲ್ಲ. ಆ ಏನೂ ಇಲ್ಲದ್ದಕ್ಕೇ ಅವನು ತಬ್ಬಿಬ್ಬಾಗಿ, "ನೂರಾಹತ್ತು," ಎಂದುಬಿಟ್ಟಿದ್ದ. ಅವಳು ತಲೆಯಾಡಿಸಿ, ನೂರಾಹತ್ತಕ್ಕೆ ತಕ್ಕ ರಿಮ್ಮು, ನೂರಾಹತ್ತಕ್ಕೆ ತಕ್ಕ ಕಡ್ಡಿ ತೆಗೆದುಕೊಟ್ಟಳು. ಅವನ ತೂಕ ನೂರ ನಲವತ್ತೊಂದು. ಅಂದಿನಿಂದ ಒಂದೊಂದು ಕಡ್ಡಿ ಬಿಗಿಯುವಾಗಲೂ ಆ ಸುಳ್ಳನ್ನೇ ಚೆನ್ನಾಗಿ ಬಿಗಿಯುತ್ತಿದ್ದೇನೆ ಅನ್ನಿಸುತ್ತಿತ್ತು. ಚಕ್ರ ತಿರುಗಿಸಿದರೆ ಕೂದಲೆಳೆಯಷ್ಟೂ ಡೊಂಕಿಲ್ಲದೆ ತಿರುಗುತ್ತಿತ್ತು. ಅದೇ ಅವನನ್ನು ಹೆಚ್ಚು ಅಂಜಿಸುತ್ತಿತ್ತು.

ವ್ಯಾನು ನಿಲ್ಲುವ ಕಡೆ ಆಗಲೇ ನಾಲ್ಕೈದು ಜನ ಇದ್ದರು. ಅವನು ಕೆಲಸ ಮಾಡುವ ಜಲ್ಲಿಕಲ್ಲಿನ ಕ್ವಾರಿ ಗುಡ್ಡದ ಆಚೆ. ಗುಡ್ಡ ಹತ್ತಿ ಇಳಿದರೆ ಹತ್ತಿರ, ಆದರೆ ಆ ದಾರಿ ತುಂಬ ಕಲ್ಲು, ಕೊರಕಲು. ಮನುಷ್ಯ ನಡೆದರೇ ಪಾದ ತಿರುಚಿಕೊಳ್ಳುವಂಥದ್ದು. ಡಾಂಬರು ರಸ್ತೆ ಗುಡ್ಡವನ್ನು ಸುತ್ತು ಹಾಕಿ ಹೋಗುತ್ತಿತ್ತು, ಅದರ ಮೇಲೆ ವ್ಯಾನು. ಬೇರೆಯವರು ಹತ್ತಿದ ಮೇಲೆ ಅವನು ಬಾಗಿಲಿಗೆ ಕೈ ಹಾಕಿದ. ಒಳಗೆ ಹಿಂದಿನ ಸಾಲಿನಲ್ಲಿ ಇನ್ನೂ ಎರಡು ಸೀಟು ಖಾಲಿ ಇದ್ದವು. ಕೂತಿದ್ದ ಹೆಂಗಸೊಬ್ಬಳು ತನ್ನ ಕೈಚೀಲವನ್ನು ತೊಡೆಯ ಮೇಲಿಂದ ತೆಗೆದು ಪಕ್ಕದ ಸೀಟಿನ ಮೇಲೆ ಇಟ್ಟಳು. ಅವಳು ಅವನ ಕಡೆ ನೋಡಿಯೂ ಇರಲಿಲ್ಲ. ನೋಡದೆ ಇಟ್ಟಳಲ್ಲ, ಅದು ತಾಗಿತು.

"ಅಣ್ಣಾ, ಗಾಡಿ ತುಂಬಿದೆ," ಎಂದ ವ್ಯಾನಿನವನು, ಕನ್ನಡಿಯಲ್ಲಿ ನೋಡುತ್ತ. "ಹಿಂದಿನ ಟೈರು ಬೇರೆ ಸವೆದಿದೆ. ಮುಂದಿನ ಟ್ರಿಪ್ಪಿಗೆ ಬಂದ್ಬಿಡಿ, ಬೇಜಾರು ಮಾಡ್ಕೋಬೇಡಿ."

"ಬೇಜಾರೇನು, ಟೈರು ಮುಖ್ಯ," ಎಂದ ಅವನು. ಎಂದು ನಕ್ಕ. ಎಲ್ಲರಿಗಿಂತ ಮೊದಲು.

ವ್ಯಾನು ಹೋದ ಮೇಲೆ ಎದ್ದ ಧೂಳಿನಲ್ಲಿ ನಿಂತು, ತಾನು ಯಾಕೆ ನಕ್ಕೆ ಎಂದು ಕೇಳಿಕೊಂಡ. ಉತ್ತರ ಹೊಳೆಯುವಷ್ಟರಲ್ಲಿ ಮುಂದಿನ ಟ್ರಿಪ್ಪು ಬಂತು. ಹೊತ್ತಾಗಿ ಮುಟ್ಟಿದರೆ ಲಾರಿ ತೂಗುವ ವೇಬ್ರಿಜ್ಜಿನ ಮುಂದೆ ಲಾರಿಗಳು ಸಾಲುಗಟ್ಟಿದ್ದವು. ಕಬ್ಬಿಣದ ಹಾಸಿನ ಮೇಲೆ ಲಾರಿ ಹತ್ತಿ ನಿಲ್ಲಬೇಕು, ಗಾಜಿನ ಕೋಣೆಯಲ್ಲಿ ಅವನ ಮುಂದೆ ಕೆಂಪು ಅಂಕಿಗಳು ಏರಿ, ತುಸು ಹೊಯ್ದಾಡಿ ನಿಲ್ಲಬೇಕು; ಖಾಲಿ ಹೋಗುವಾಗ ಒಂದು ಸಲ, ತುಂಬಿ ಬರುವಾಗ ಒಂದು ಸಲ. ಇಷ್ಟು ವರ್ಷ ಇದೇ ಕೆಲಸ. ಡ್ರೈವರುಗಳು ಅವನನ್ನು ತೂಕದಣ್ಣ ಎಂದು ಕರೆಯುತ್ತಿದ್ದರು. ಕೆಲಸ ನೋಡಿ ಕರೆದದ್ದೋ ಆಳು ನೋಡಿ ಕರೆದದ್ದೋ ಅವನು ಯಾವತ್ತೂ ಕೇಳಿರಲಿಲ್ಲ. ಆದರೆ ಆ ಕಿಟಕಿಯ ಬಳಿ ಕೂತೇ ಅವನಿಗೆ ಸೈಕಲ್ಲಿನ ಆಲೋಚನೆ ಬಂದದ್ದು. ತುಂಬಿದ ಲಾರಿ ಕೆಳಗಿನಿಂದ ಬರುವಾಗ ಅದರ ಹಿಂದಿನ ಟೈರುಗಳು ನೆಲ ಮುಟ್ಟುವ ಕಡೆ ಹೊಟ್ಟೆ ಬಿಟ್ಟು ಅಗಲವಾಗುವುದನ್ನು, ಕಲ್ಲನ್ನು ತುಳಿಯದೆ ಒಳಗೆ ಎಳೆದುಕೊಂಡು ದಾಟುವುದನ್ನು ದಿನಾ ನೋಡುತ್ತಿದ್ದ. ಲಾರಿ ಯಾರ ಕ್ಷಮೆಯನ್ನೂ ಕೇಳುತ್ತಿರಲಿಲ್ಲ. ಅಷ್ಟು ಹೇರಿಕೊಂಡು ರಾಜಗಾಂಭೀರ್ಯದಿಂದ ಬರುತ್ತಿತ್ತು. ಮಾವನ ಸೈಕಲ್ಲಿನ ಟೈರು ಹೆಬ್ಬೆರಳಿನಷ್ಟೇ ದಪ್ಪವಿತ್ತು, ಅದನ್ನು ಯಾರೂ ಬೈಯಲಿಲ್ಲವಲ್ಲ ಎಂದು ಒಂದು ದಿನ ಹೊಳೆದುಬಿಟ್ಟಿತ್ತು.

ಖಾಲಿ ಲಾರಿಯೊಂದು ಹಾಸಿನ ಮೇಲೆ ನಿಂತಿತು. ಅಂಕಿ ನಿನ್ನೆಗಿಂತ ಹೆಚ್ಚು ತೋರಿಸಿತು. ಅವನು ಕೋಣೆಯಿಂದ ಹೊರಬಂದು, ಲಾರಿಯ ಸುತ್ತ ನಡೆದು, ಡ್ರೈವರಿನ ಸೀಟಿನ ಹಿಂದೆ ಟಾರ್ಪಾಲಿನ ಅಡಿಯಲ್ಲಿದ್ದ ನೀರಿನ ಡ್ರಮ್ಮನ್ನು ಬೆರಳಿನಿಂದ ತಟ್ಟಿದ. ಖಾಲಿ ತೂಕ ಹೆಚ್ಚು ತೋರಿಸಿ, ಆಮೇಲೆ ನೀರು ಚೆಲ್ಲಿ, ಅಷ್ಟು ಜಲ್ಲಿಯನ್ನು ಪುಕ್ಕಟೆ ಹೇರಿಕೊಳ್ಳುವ ಹಳೆಯ ಆಟ.

"ಇಳಿಸಪ್ಪಾ."

"ಒಂದು ಡ್ರಮ್ ನೀರು ತೂಕದಣ್ಣ, ಅದೇನು ಮಹಾ?"

"ಒಂದೋ ಹತ್ತೋ, ಸುಳ್ಳು ತೂಕ ಸುಳ್ಳು ತೂಕಾನೇ. ಇಳಿಸು."

ಡ್ರೈವರು ಹಲ್ಲು ಕಿರಿದ. "ಒಂದು ಕೆಲಸ ಮಾಡೋಣ, ಡ್ರಮ್ ಇಳಿಸಿ ನಿಮ್ಮನ್ನ ಹತ್ತಿಸ್ಕೊಳ್ತೀನಿ. ಲೆಕ್ಕ ಸರಿಹೋಗುತ್ತೆ. ನಿಮ್ಮದೆಷ್ಟು ಹೇಳಿ?"

ಸಾಲಿನಲ್ಲಿದ್ದವರು ನಕ್ಕರು. ಅವನು ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು. ಡ್ರಮ್ಮು ಇಳಿಯಿತು, ಅಂಕಿ ಸರಿಯಾಯಿತು, ಲಾರಿ ಹೋಯಿತು. ಉಳಿದ ಹೊತ್ತೆಲ್ಲ ಕೆಂಪು ಅಂಕಿಗಳು ಏರಿ ನಿಲ್ಲುವುದನ್ನು ನೋಡುತ್ತ ಕೂತ. ಕಂಡವರ ತೂಕದಲ್ಲಿ ಒಂದು ಡ್ರಮ್ಮು ನೀರು ಬಿಡದವನು, ತನ್ನದರಲ್ಲಿ ಮೂವತ್ತೊಂದು ಕಿಲೋ ನುಂಗಿದ್ದ. ಇನ್ನೊಬ್ಬರಿಗೆ ಮಾಡಿದ ಮೋಸವಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದನ್ನು ಹಿಡಿಯುವುದು ಗುಡ್ಡದ ಇಳಿಜಾರು ಮಾತ್ರ. ಆ ಇಳಿಜಾರಿನ ಅರ್ಧದಲ್ಲಿ ಹಿಂದಿನ ಚಕ್ರ ಮುರುಟಿಕೊಳ್ಳುವುದು, ತಾನು ಕಲ್ಲುಗಳ ಮೇಲೆ ಬಿದ್ದು, ಬಿದ್ದಲ್ಲೇ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿ, ಯಾರೂ ಇಲ್ಲದಿದ್ದರೂ ನಗುವುದು, ಎಲ್ಲವೂ ಕಣ್ಣಿಗೆ ಕಟ್ಟಿತು. ನೋವಿಗಿಂತ ಆ ನಗುವಿನ ಕಲ್ಪನೆಯೇ ಅವನನ್ನು ಎಬ್ಬಿಸಿತು.

ಸಂಜೆ ನೇರ ಸೈಕಲ್ ಅಂಗಡಿಗೆ ಹೋದ. ಅಕ್ಕ ಸಣಕಲು ಆಳು, ಎತ್ತರ, ಅಪ್ಪನ ಕಾಲದಿಂದ ಬಂದ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಟೈ ಕಟ್ಟಿದ ಗಿರಾಕಿಯೊಬ್ಬನಿಗೆ ಟ್ಯೂಬು ತೋರಿಸುತ್ತಿದ್ದಳು. ಅವನು ಹೋಗಲಿ ಎಂದು ಇವನು ಕಾದ. ಆ ಗಿರಾಕಿ ಹೋಗುವ ಪೈಕಿ ಆಗಿರಲಿಲ್ಲ. ಟ್ಯೂಬು ಆದ ಮೇಲೆ ಪಂಪು ನೋಡಿದ, ಪಂಪು ಆದ ಮೇಲೆ ಬುಟ್ಟಿ ನೋಡಿದ. ತೂಗುಹಾಕಿದ್ದ ಬೆಲ್ಲುಗಳನ್ನು ಇವನು ಒಂದೊಂದಾಗಿ ಬಾರಿಸುತ್ತ, ಒಂದು ಬೆಲ್ಲು ಕೊಂಡು ಹೋದರಾಯಿತು, ಇವತ್ತಿಗೆ ಅಷ್ಟೇ, ನಾಳೆ ಹೇಳಿದರಾಯಿತು ಎಂದು ಅಂದುಕೊಳ್ಳುವಷ್ಟರಲ್ಲಿ ಅವಳೇ ಕೂಗಿದಳು.

"ಏನು, ಸೈಕಲ್ಲು ಓಡ್ತಿದೆಯಾ?"

"ಇಲ್ಲ ಅಕ್ಕಾ."

"ಯಾಕೆ? ಏನಾಯ್ತು?"

"ಅವತ್ತು ನಾನು ತೂಕ ಸುಳ್ಳು ಹೇಳಿದ್ದೆ," ಎಂದ. ದನಿ ಅಂಗಡಿ ತುಂಬುವಷ್ಟು ಜೋರಾಗಿ ಬಂದದ್ದು ಕೇಳಿ ಅವನಿಗೇ ಗಾಬರಿಯಾಯಿತು. "ನೂರಾಹತ್ತಲ್ಲ. ನೂರ ನಲವತ್ತೊಂದು."

ಟೈ ಕಟ್ಟಿದವನು ಬುಟ್ಟಿಯನ್ನು ಕೈಯಲ್ಲಿ ಹಿಡಿದು ಹಾಗೆಯೇ ನಿಂತ. ಅಕ್ಕ ಕನ್ನಡಕ ತೆಗೆದಳು. ಮೊದಲೇ ಗೊತ್ತಿತ್ತು ಎಂದು ಅವಳು ನಗುತ್ತಾಳೆ, ಎಲ್ಲ ಹಗುರವಾಗುತ್ತದೆ ಎಂದು ಅವನು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಅವಳ ಮುಖ ಕೆಂಪಾಯಿತು.

"ನಿಮಗೆ ಬುದ್ಧಿ ಇದೆಯೇನ್ರೀ? ಲಾರಿಯವನು ನಿಮ್ಮ ಹತ್ರ ಹೀಗೆ ಹೇಳಿದ್ರೆ ಬಿಡ್ತಿದ್ರಾ? ಆ ಕಡ್ಡಿ ಕೊಟ್ಟು ಆ ಕಲ್ಲುದಾರಿಗೆ ಕಳಿಸಿದ್ದೀನಲ್ಲ ನಾನು! ಬಿದ್ದು ಕೈಕಾಲು ಮುರ್ಕೊಂಡಿದ್ರೆ ಯಾರ ಅಂಗಡಿ ಸಾಮಾನು ಅಂತ ಕೇಳ್ತಿದ್ರು ಜನ? ಮೂವತ್ತೊಂದು ಕಿಲೋನ ಎಲ್ಲಿ ಬಚ್ಚಿಟ್ಕೊಂಡಿದ್ರಿ, ಜೇಬಲ್ಲಾ?"

ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದ. ವಿಚಿತ್ರವೆಂದರೆ ಬೈಸಿಕೊಳ್ಳುತ್ತ ಹೋದಂತೆ ಅವನ ತೊಡೆಗಳು ಸಡಿಲವಾಗುತ್ತಿದ್ದವು. ಅವಳು ಬೈಯುತ್ತಿದ್ದದ್ದು ಸುಳ್ಳನ್ನು. ನೂರ ನಲವತ್ತೊಂದನ್ನು ಅವಳು ಒಂದು ಸಲವೂ ಬೈಯಲಿಲ್ಲ. ಆ ಸಂಖ್ಯೆ ಟ್ಯೂಬುಗಳ ನಡುವೆ, ಬುಟ್ಟಿಗಳ ನಡುವೆ, ಬೇರೆ ಯಾವ ಅಳತೆಯ ಹಾಗೆಯೇ ಸುಮ್ಮನೆ ಇತ್ತು.

"ಈಗಾದ್ರೂ ಪೂರಾ ಹೇಳಿದೀರೋ, ಇನ್ನೂ ಏನಾದ್ರೂ ಉಳಿಸ್ಕೊಂಡಿದೀರೋ?"

"ಊಟ ಆದ್ಮೇಲೆ ನಲವತ್ತೆರಡು."

ಟೈ ಕಟ್ಟಿದವನು ಫಕ್ಕನೆ ನಕ್ಕ. ಅಕ್ಕನೂ ತಡೆಯಲಾರದೆ ನಕ್ಕಳು. ಅವರಿಬ್ಬರೂ ನಕ್ಕ ಮೇಲೆ, ಕೊನೆಗೆ, ಅವನೂ ನಕ್ಕ. ಅವಳು ಏಣಿ ಹಾಕಿ ಅಟ್ಟದಿಂದ ಒಂದು ರಿಮ್ಮು ಇಳಿಸಿದಳು, ಅಗಲದ್ದು, ಒಳಗೆ ಎರಡು ಪದರ ಇರುವಂಥದ್ದು. ಅದಕ್ಕೆ ದಪ್ಪ ಕಡ್ಡಿಗಳ ಒಂದು ಕಟ್ಟು. "ಹಳೇದು ಬಿಚ್ಚಿ ತಂದ್ಕೊಡಿ, ಬದಲಿಗೆ ಇದು. ಮುಂದಿನ ಚಕ್ರ ಹಾಗೇ ಇರ್ಲಿ, ಭಾರ ಬೀಳೋದೆಲ್ಲ ಹಿಂದಿನದಕ್ಕೇ," ಎಂದು ಕಾಗದ ಸುತ್ತುತ್ತ, ಸ್ವಲ್ಪ ಮೆತ್ತಗಾಗಿ ಹೇಳಿದಳು: "ಎಷ್ಟು ಹೊರಬೇಕು ಅಂತ ಗೊತ್ತಾದ್ರೆ ಎಂಥ ಚಕ್ರಾನಾದ್ರೂ ಕಟ್ಬಹುದು. ಗೊತ್ತಾಗದಿದ್ರೆ ನಾನೇನು ಮಾಡ್ಲಿ?"

ರಜೆಯ ದಿನ ಬೆಳಿಗ್ಗೆಯೇ ಚಾದರ ಹಾಸಿ ಹಿಂದಿನ ಚಕ್ರ ಬಿಚ್ಚಿದ. ಅಷ್ಟು ನಾಜೂಕಾಗಿ ಹೆಣೆದದ್ದನ್ನು ಬಿಚ್ಚುವಾಗ ಸಂಕಟವಾಗುತ್ತದೆ ಎಂದುಕೊಂಡಿದ್ದ; ಆಗಲಿಲ್ಲ. ಕಡ್ಡಿಗಳು ಒಂದೊಂದಾಗಿ ಸಡಿಲಗೊಂಡು ಚಾದರದ ಮೇಲೆ ಉದುರಿದವು. ಹೆಂಡತಿ ಯಂತ್ರ ನಿಲ್ಲಿಸಿ ಬಂದು ಎದುರು ಕೂತಳು. ಯಾಕೆ ಬಿಚ್ಚುತ್ತಿದ್ದೀರಿ ಎಂದು ಕೇಳಿದ್ದಕ್ಕೆ ಅವನು ಎಲ್ಲವನ್ನೂ ಹೇಳಿದ, ವ್ಯಾನಿನ ಹೆಂಗಸಿನ ಕೈಚೀಲದ ಸಮೇತ. ಅವಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಮಾತು ಮುಗಿದ ಮೇಲೂ ಸುತ್ತುತ್ತಲೇ ಇದ್ದಳು.

"ನಾನೂ ಸುಳ್ಳು ಹೇಳಿದೀನಿ," ಎಂದಳು ಕಡೆಗೆ. "ನಿಮ್ಮ ಅಂಗಿಗಳ ಪಕ್ಕದ ಹೊಲಿಗೆ ಬಿಚ್ಚಿ, ಸ್ವಲ್ಪ ಸ್ವಲ್ಪ ಅಗಲ ಮಾಡಿ, ಮತ್ತೆ ಹಾಗೇ ಮಡಚಿ ಇಡ್ತಿದ್ದೆ. ನಿಮಗೆ ಗೊತ್ತಾಗ್ಬಾರ್ದು ಅಂತ."

"ಗೊತ್ತಿತ್ತು."

"ಹ್ಞಾಂ? ಹೇಗೆ?"

"ನೂಲು ಹೊಸದಿರ್ತಿತ್ತಲ್ಲ."

"ಗೊತ್ತಿದ್ದೂ ಹಾಕ್ಕೊಂಡು ಹೋಗ್ತಿದ್ರಾ? ಬಡ್ಡೀಮಗನ ಮೌನ," ಎಂದು ಅವನ ಮೊಣಕಾಲಿಗೆ ಒಂದು ಗುದ್ದಿದಳು. ಗುದ್ದಿದ ಮೇಲೆ ಕೈ ತೆಗೆಯಲಿಲ್ಲ. ಆಮೇಲೆ ಕೆಲಸಕ್ಕೆ ಕೂತರು, ಇಬ್ಬರೂ. ದಪ್ಪ ಕಡ್ಡಿಗಳು ಮಣಿಯಲಿಲ್ಲ, ಅವಳ ಸಪುರ ಬೆರಳು ಹೋಗುವ ಕಡೆ ಅವನ ಬೆರಳು ಹೋಗುತ್ತಿರಲಿಲ್ಲ. ಅವಳು ಪೋಣಿಸಿದಳು, ಅವನು ಬಿಗಿದ. ಫ್ರೇಮನ್ನು ತಲೆಕೆಳಗೆ ಮಾಡಿ ಚಕ್ರ ಕೂರಿಸಿ ತಿರುಗಿಸಿದರೆ ಕುಡಿದವನ ಹಾಗೆ ಆ ಕಡೆ ಈ ಕಡೆ ವಾಲಾಡಿತು. ಎಲ್ಲಿ ಡೊಂಕು ಎಂದು ಅವನು ಕಣ್ಣು ಕಿರಿದು ಮಾಡಿ ಹುಡುಕುತ್ತಿರುವಾಗ ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಫ್ರೇಮಿಗೆ ಕೈ ಆನಿಸಿ, ಅದನ್ನು ರಿಮ್ಮಿನ ಪಕ್ಕ ಅಲುಗದ ಹಾಗೆ ಹಿಡಿದಳು. "ತಿರುಗಿಸಿ," ಎಂದಳು. ಎಲ್ಲಿ ಚಕ್ರ ಹೊರಗೆ ಬರುತ್ತಿತ್ತೋ ಅಲ್ಲಿ ಬಿಳಿಯ ಗೀರು ಬಿತ್ತು. ಅವನು ಆ ಗೀರಿನ ಬಳಿಯ ಕಡ್ಡಿಗಳನ್ನು ಒಂದಿಷ್ಟು ಎಳೆದ, ಎದುರಿನವನ್ನು ಒಂದಿಷ್ಟು ಬಿಟ್ಟ. ಗೀರು ಚಿಕ್ಕದಾಯಿತು. ಒರೆಸಿ ಮತ್ತೆ ತಿರುಗಿಸಿದರು. ಹೊಟ್ಟೆ ಹಸಿದದ್ದು ಗೊತ್ತಾಗಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು, ನೆಲದ ಮೇಲೆ ಸರಿದು, ಎದುರಿನ ಗೋಡೆ ಹತ್ತಿತು. ಕೊನೆಗೊಮ್ಮೆ ಚಕ್ರ ಸುತ್ತಿ ಸುತ್ತಿ ತಾನಾಗಿ ನಿಂತಾಗ ಸೀಮೆಸುಣ್ಣ ಏನನ್ನೂ ಬರೆದಿರಲಿಲ್ಲ. ಅವನು ಬೆರಳಿನಿಂದ ಕಡ್ಡಿಗಳನ್ನು ಮೀಟಿದ. ಒಂದೇ ಶ್ರುತಿ ಹೊರಟಿತು, ಹಳೆಯ ಚಕ್ರದ್ದಕ್ಕಿಂತ ಗಟ್ಟಿಯಾಗಿ.

ಮರುದಿನ ಬೆಳಿಗ್ಗೆ ಸೈಕಲ್ಲನ್ನು ಅಂಗಳಕ್ಕೆ ಇಳಿಸಿದ. ಬೆಲ್ಲು ಇರಲಿಲ್ಲ. ಹೆಂಡತಿ ಮೆಟ್ಟಿಲ ಮೇಲೆ ನಿಂತಿದ್ದಳು. ಹುಷಾರು ಎಂದು ಅವಳು ಹೇಳುತ್ತಾಳೆಂದು ಕಾದ, ಹೇಳಲಿಲ್ಲ. ಅವನು ಕಾಲು ಹಾಯಿಸಿ, ಹ್ಯಾಂಡಲ್ಲು ಹಿಡಿದು, ಅಭ್ಯಾಸಬಲದಿಂದ ಅರ್ಧ ಭಾರವನ್ನು ತೊಡೆಗಳಲ್ಲೇ ಹಿಡಿದು ಸೀಟಿನ ಮೇಲೆ ಕೂತ. ಏನೂ ಆಗಲಿಲ್ಲ. ಹಾಗೇ ಸ್ವಲ್ಪ ಬಿಟ್ಟ. ಮತ್ತೂ ಸ್ವಲ್ಪ. ಬಗ್ಗಿ ನೋಡಿದರೆ ಹಿಂದಿನ ಟೈರು ನೆಲ ಮುಟ್ಟುವಲ್ಲಿ ತುಸು ಅಗಲವಾಗಿ, ಅಷ್ಟಕ್ಕೇ ನಿಂತಿತ್ತು. ಆಗ ಪೂರಾ ಬಿಟ್ಟುಬಿಟ್ಟ, ನೂರ ನಲವತ್ತೊಂದನ್ನೂ, ಕೊನೆಯ ಕಿಲೋವರೆಗೆ. ಎಷ್ಟೋ ವರ್ಷಗಳಿಂದ ಎಲ್ಲೂ ಹಾಗೆ ಕೂತಿರಲಿಲ್ಲ. ಕಣ್ಣಲ್ಲಿ ನೀರು ಬಂದಂತಾಗಿ ತಲೆ ಎತ್ತಿದ.

"ಮಧ್ಯಾಹ್ನ ಊಟಕ್ಕೆ ಬರ್ತೀರಾ?" ಎಂದಳು ಹೆಂಡತಿ.

ಗುಡ್ಡದ ದಾರಿಯಲ್ಲಾದರೆ ಊಟಕ್ಕೆ ಮನೆಗೆ ಬಂದು ಹೋಗಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. "ಬರ್ತೀನಿ," ಎಂದ. "ಬಿಸಿಯಾಗಿರ್ಲಿ."

ವ್ಯಾನು ನಿಲ್ಲುವ ಕಡೆ ಜನ ಅವನತ್ತ ತಿರುಗಿದರು. ವ್ಯಾನಿನವನು ಕತ್ತು ಹೊರಗೆ ಹಾಕಿ, "ಅಣ್ಣಾ, ಇವತ್ತು ಜಾಗ ಇದೆ!" ಎಂದು ಕೂಗಿದ. "ನೀನೇ ಕೂತ್ಕೋ," ಎಂದು ಇವನು ಕೂಗಿದ. ಕೂಗಿ, ರಸ್ತೆ ಬಿಟ್ಟು ಗುಡ್ಡದ ಕಡೆ ಹ್ಯಾಂಡಲ್ಲು ತಿರುಗಿಸಿದ. ಮೊದಲ ಕಲ್ಲುಗಳು ಬಂದವು. ಮೈ ಬಿಗಿಹಿಡಿದ, ಟೈರು ಅವುಗಳನ್ನು ತುಳಿಯಲಿಲ್ಲ, ತನ್ನೊಳಗೆ ಎಳೆದುಕೊಂಡು ಹಿಂದೆ ಬಿಟ್ಟಿತು. ಕೊರಕಲಿನಲ್ಲಿ ಮುಂದಿನ ಚಕ್ರ ಇಳಿಯಿತು, ಎದ್ದಿತು. ಹಿಂದಿನದು ಇಳಿಯಿತು, ಎದ್ದಿತು. ಏರು ಕಡಿದಾದ ಕಡೆ ಎದೆ ಹೊಡೆದುಕೊಂಡು ಉಸಿರು ಸಿಗದಂತಾಗಿ ಇಳಿದು ತಳ್ಳಿದ. ಬೆವರು ಹುಬ್ಬು ದಾಟಿ ಕಣ್ಣಿಗಿಳಿಯಿತು, ಅಂಗಿ ಬೆನ್ನಿಗೆ ಅಂಟಿತು, ಕಲ್ಲೊಂದರ ಮೇಲೆ ಕೂತು ಆನೆಯ ಹಾಗೆ ಉಸಿರು ಬಿಟ್ಟ. ಇಳಿದು ತಳ್ಳಿದ್ದಕ್ಕೆ ನಾಚಿಕೆಯಾಗುತ್ತದೆಯೇ ಎಂದು ತನ್ನೊಳಗೆ ತಡಕಾಡಿ ನೋಡಿದ. ಹಸಿವು ಸಿಕ್ಕಿತು, ಬಾಯಾರಿಕೆ ಸಿಕ್ಕಿತು. ಬೇರೇನೂ ಸಿಗಲಿಲ್ಲ. ಎದ್ದು ಮತ್ತೆ ಹತ್ತಿದ.

ನೆತ್ತಿ ದಾಟಿದ ಮೇಲೆ ಆಚೆ ಬದಿಯಲ್ಲಿ ಒಂದು ಆಳವಾದ ಕೊರಕಲು ಅಡ್ಡ ಬಂತು, ಅದರ ಮೇಲೆ ಹಲಗೆಯ ಸೇತುವೆ. ಕ್ವಾರಿಯ ಕೆಲಸದವರು ಯಾವ ಕಾಲದಲ್ಲೋ ಹಾಕಿದ್ದು, ಹಲಗೆಗಳು ಬಿಸಿಲಿಗೆ ಬೂದಿ ಬಣ್ಣವಾಗಿದ್ದವು. ಇಳಿದು ತಳ್ಳಿಕೊಂಡು ಹೋಗುವುದೇ ಎಂದು ಒಂದು ಗಳಿಗೆ ಯೋಚಿಸುವಷ್ಟರಲ್ಲಿ ಇಳಿಜಾರು ಯೋಚನೆಗೆ ಬಿಡಲಿಲ್ಲ. ಮುಂದಿನ ಟೈರು ಆಗಲೇ ಹಲಗೆ ಹತ್ತಿತ್ತು. ಕಿರ್ ಎಂದು ಸದ್ದಾಯಿತು. ಎಷ್ಟು ಕುರ್ಚಿಗಳ, ಎಷ್ಟು ಬೆಂಚುಗಳ, ಎಷ್ಟು ಮಂಚಗಳ ಬಾಯಲ್ಲಿ ಕೇಳಿದ ಅದೇ ಸದ್ದು. "ಕ್ಷಮಿಸಿ," ಎಂದುಬಿಟ್ಟ ಅವನು, ಸೇತುವೆಗೆ, ಗಟ್ಟಿಯಾಗಿ. ಹಲಗೆ ಇನ್ನೊಮ್ಮೆ ಕಿರ್ ಎಂದಿತು, ನಡುವೆ ತುಸು ಬಾಗಿತು, ಅವನನ್ನು ಹಿಂದಿನಿಂದ ಮೆಲ್ಲನೆ ತಳ್ಳಿದ ಹಾಗೆ ಮೇಲೆದ್ದಿತು, ಮತ್ತು ಅವನು ಆಚೆ ಇದ್ದ.

ಬ್ರೇಕು ಹಿಡಿದು ನಿಂತು, ತಿರುಗಿ ನೋಡಿದ. ಸೇತುವೆ ಇದ್ದ ಹಾಗೇ ಇತ್ತು. ಚಕ್ರವೂ. ಸೇತುವೆಗೆ ಕ್ಷಮೆ ಕೇಳಿದ್ದು ನೆನಪಾಗಿ ನಗು ಬಂತು; ನೋಡುವವರು ಯಾರೂ ಇರಲಿಲ್ಲ, ಮೊದಲು ನಗಬೇಕಾದ ಅಗತ್ಯವೂ ಇರಲಿಲ್ಲ, ಆದರೂ ಹೊಟ್ಟೆ ಕುಲುಕಿ ಕುಲುಕಿ ಬಂತು. ಕೆಳಗೆ ವೇಬ್ರಿಜ್ಜಿನ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು. ಆಗಲೇ ಒಂದು ಲಾರಿ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಅವನು ಸೈಕಲ್ಲು ತಿರುಗಿಸಿ, ಪೆಡಲಿನ ಮೇಲೆ ಜೋರಾಗಿ ತುಳಿದು, ಮತ್ತೆ ಸೇತುವೆ ಹತ್ತಿದ. ಈ ಸಲ ನಡುಮಧ್ಯದಲ್ಲಿ ಬೇಕೆಂದೇ ಮೈಯನ್ನೆಲ್ಲ ಧೊಪ್ಪನೆ ಸೀಟಿನ ಮೇಲೆ ಹಾಕಿದ. ಹಲಗೆಗಳು ಬೊಬ್ಬೆ ಹೊಡೆದವು, ಹೊತ್ತವು.

ಈಚೆ ಬಂದು ನಿಂತ ಮೇಲೆ ಗೊತ್ತಾಯಿತು, ಕೆಲಸಕ್ಕೆ ಹೋಗಬೇಕಾದರೆ ಇನ್ನೊಂದು ಸಲ ದಾಟಲೇಬೇಕು. ಕೆಳಗೆ ಎರಡನೆಯ ಲಾರಿಯೂ ಹಾರ್ನ್ ಸೇರಿಸಿತು.

"ಬಂದೆ ಇರ್ರಪ್ಪಾ," ಎಂದು ಗುಡ್ಡದ ಮೇಲಿಂದ ಕೂಗಿದ ತೂಕದಣ್ಣ, ಒಂದಿಷ್ಟು ಹಿಂದೆ ಸರಿದು ಓಟಕ್ಕೆ ಜಾಗ ಮಾಡಿಕೊಳ್ಳುತ್ತ.